ಬಿದ್ದ ಮೇಲಿನ ಹನ್ನೆರಡು ವಾರ

ಪ್ರಶ್ನೆ: ನನಗೆ 51 ವರ್ಷ, ಬ್ಯಾಂಕಿನಲ್ಲಿ ಕೆಲಸ. ಆರು ವರ್ಷಗಳಿಂದ ಬೆಳಗಿನ ಹೊತ್ತು ಸೈಕಲ್ಲಿನಲ್ಲಿ ಚಾಮುಂಡಿ ಬೆಟ್ಟ ಹತ್ತಿ ಇಳಿಯುವುದು ರೂಢಿ. ಇಪ್ಪತ್ತಮೂರು ದಿನಗಳ ಹಿಂದೆ ಇಳಿಯುವಾಗ ತಿರುವಿನಲ್ಲಿ ಚೆಲ್ಲಿದ್ದ ಜಲ್ಲಿಯ ಮೇಲೆ ಮುಂದಿನ ಚಕ್ರ ಜಾರಿ ಎಡಭುಜದ ಮೇಲೆ ಬಿದ್ದೆ. ಹೇಗೋ ಎದ್ದು, ಸೈಕಲ್ಲನ್ನು ರಸ್ತೆಯಂಚಿಗೆ ಎಳೆದಿಟ್ಟು, ಮನೆಗೆ ಫೋನ್ ಮಾಡಿದೆ. ಕೊರಳೆಲುಬು ಮುರಿದಿದೆ, ಪ್ಲೇಟ್ ಹಾಕುವ ಅಗತ್ಯವಿಲ್ಲವೆಂದು ಸ್ಲಿಂಗ್ ಹಾಕಿ ಕಳುಹಿಸಿದ್ದಾರೆ. ಮನೆಯಲ್ಲಿ ಕುಳಿತು ಫ್ರಾನ್ಸಿನ ಮೂರು ವಾರಗಳ ಸೈಕಲ್ ಸ್ಪರ್ಧೆಯಾದ ಟೂರ್ ದ ಫ್ರಾನ್ಸ್‌ನ ಹಳೆಯ ವಿಡಿಯೊಗಳನ್ನು ನೋಡುತ್ತಿದ್ದೇನೆ. ಇದೇ ಎಲುಬು ಮುರಿದುಕೊಂಡವರು ಮರುದಿನ ಮತ್ತೆ ಸೈಕಲ್ ಹತ್ತುತ್ತಾರೆ; ನನಗೆ ಅಂಗಿಯ ಗುಂಡಿ ಹಾಕಿಕೊಳ್ಳಲು ಹೆಂಡತಿ ಬೇಕು. ನಾನು ಅಷ್ಟು ಮೆದುವೇ? ಮತ್ತೆ ಯಾವಾಗ ತುಳಿಯಬಹುದು? ಸೈಕಲ್ ಮಾರಿಬಿಡಿ ಎಂದು ಮನೆಯವರು ಹೇಳುತ್ತಿದ್ದಾರೆ. ಇಳಿಜಾರನ್ನು ನೆನೆಸಿಕೊಂಡರೆ ನನಗೂ ಅಂಗೈ ಬೆವರುತ್ತದೆ.
— ಒಬ್ಬ ಓದುಗರು, ಮೈಸೂರು

ಉತ್ತರ: ಮೆದು ಎಂಬ ಮಾತನ್ನು ಮೊದಲು ಬದಿಗಿಡೋಣ. ಎಲುಬು ಮುರಿದ ಕೈಯಲ್ಲೇ ಸೈಕಲ್ಲನ್ನು ರಸ್ತೆಯಂಚಿಗೆ ಎಳೆದಿಟ್ಟು ಆಮೇಲೆ ಮನೆಗೆ ಫೋನ್ ಮಾಡಿದವರು ನೀವು. ಮೂಳೆ ಮುರಿದುಕೊಂಡು ನನ್ನ ಬಳಿ ಬರುವವರಲ್ಲಿ ಸೈಕಲ್ಲಿಗರನ್ನು ನಾನು ಗುರುತಿಸುವುದೇ ಹೀಗೆ: ಎಕ್ಸ್-ರೇ ನೋಡುವ ಮುನ್ನ ಅವರು ಹ್ಯಾಂಡಲ್ ಸೊಟ್ಟಗಾದ ಸುದ್ದಿಯನ್ನು ಹೇಳುತ್ತಾರೆ.

ಎಲುಬಿನ ವಿಷಯಕ್ಕೆ ಬರುತ್ತೇನೆ. ಕೊರಳೆಲುಬು ಎದೆಯ ನಡುವಿನ ಎಲುಬಿಗೂ ಹೆಗಲಿಗೂ ನಡುವೆ ಅಡ್ಡಲಾಗಿ ಕೂತಿರುವ, ತುಸು ಡೊಂಕಾದ, ತೆಳ್ಳಗಿನ ಮೂಳೆ. ಇಡೀ ತೋಳು ಮುಂಡದೊಂದಿಗೆ ಎಲುಬಿನ ಮೂಲಕ ಜೋಡಿಕೊಂಡಿರುವುದು ಇದೊಂದರಿಂದಲೇ. ಉಳಿದದ್ದೆಲ್ಲ ಸ್ನಾಯುಗಳ ಹಿಡಿತ. ಆದ್ದರಿಂದ ಭುಜದ ಮೇಲೆ ಬಿದ್ದಾಗ ಹೊಡೆತವೆಲ್ಲ ಈ ಪುಟ್ಟ ಸೇತುವೆಯ ಮೇಲೆ ಹಾಯುತ್ತದೆ, ಮತ್ತು ಅದು ಸಾಮಾನ್ಯವಾಗಿ ನಡುಭಾಗದಲ್ಲಿ ಮುರಿಯುತ್ತದೆ. ಮುರಿದ ತುದಿಗಳು ಬಹಳ ದೂರ ಸರಿದಿಲ್ಲದಿದ್ದರೆ, ಚರ್ಮವನ್ನು ಒಳಗಿನಿಂದ ಚುಚ್ಚುತ್ತಿಲ್ಲದಿದ್ದರೆ, ಕೈಗೆ ಹೋಗುವ ನರಕ್ಕೂ ರಕ್ತನಾಳಕ್ಕೂ ಪೆಟ್ಟಾಗಿಲ್ಲದಿದ್ದರೆ, ಸ್ಲಿಂಗಿನಲ್ಲಿಯೇ ಅದು ಕೂಡಿಕೊಳ್ಳುತ್ತದೆ. ನಿಮ್ಮ ವೈದ್ಯರು ಪ್ಲೇಟ್ ಬೇಡವೆಂದದ್ದು ಈ ಲೆಕ್ಕದಿಂದಲೇ ಇರಬೇಕು. ಮೂರನೆಯ ವಾರದಲ್ಲಿ ಮುರಿದ ತುದಿಗಳ ನಡುವೆ ಎಳೆಯ ಮೂಳೆಯ ಅಂಟು ಕಟ್ಟಿಕೊಳ್ಳುತ್ತಿರುತ್ತದೆ. ಅದು ಹಸಿ ಗಾರೆಯಂಥದ್ದು, ಆಕಾರ ಬಂದಿರುತ್ತದೆ, ಬಲ ಬಂದಿರುವುದಿಲ್ಲ. ವಯಸ್ಕರಲ್ಲಿ ಆರರಿಂದ ಎಂಟು ವಾರಗಳಲ್ಲಿ ಗಟ್ಟಿಯಾಗುತ್ತದೆ, ಪೂರ್ಣ ಭಾರ ಹೊರಲು ಹನ್ನೆರಡು ವಾರಗಳೆಂದು ಹಿಡಿಯುವುದು ಕ್ಷೇಮ. ಅಂಗಿಯ ಗುಂಡಿ ನಿಮಗೆ ಕಷ್ಟವಾಗುವುದು ಈ ಹೊತ್ತಿನಲ್ಲಿ ತೀರಾ ಸಹಜ.

ಹಾಗಾದರೆ ಅವರು ಹೇಗೆ ತುಳಿಯುತ್ತಾರೆ? ಅವರ ಸಹನೆಯ ಬಗ್ಗೆ ನನಗೂ ನಿಮ್ಮಷ್ಟೇ ಬೆರಗಿದೆ, ಆದರೆ ಅದರ ಹಿಂದೆ ದೇಹರಚನೆಯ ಒಂದು ಸರಳ ಕಾರಣವೂ ಇದೆ. ಓಟಗಾರನಿಗೆ ಹೆಜ್ಜೆಹೆಜ್ಜೆಗೂ ನೆಲದಿಂದ ಹೊಡೆತ ಏರಿಬರುತ್ತದೆ. ಸೈಕಲ್ಲಿಗನ ಭಾರವನ್ನು ಸೀಟು ಹೊರುತ್ತದೆ, ಕಾಲುಗಳು ಮಾತ್ರ ತಿರುಗುತ್ತಿರುತ್ತವೆ. ಮುರಿದ ಕೊರಳೆಲುಬಿನೊಂದಿಗೆ ಫುಟ್‌ಬಾಲ್ ಆಡಲಾಗದು, ಸೈಕಲ್ಲನ್ನು, ನೋವು ತಡೆಯಬಲ್ಲವರಾದರೆ, ತುಳಿಯಬಹುದು. ಜೊತೆಗೆ ಸ್ಪರ್ಧೆಯ ವೈದ್ಯರು ತೆರೆದ ಕಾರಿನಲ್ಲಿ ಹಿಂದೆಯೇ ಇರುತ್ತಾರೆ, ಎದುರಿನಿಂದ ಬಸ್ಸು ಬರುವುದಿಲ್ಲ, ರಾತ್ರಿ ಮೈ ತಿಕ್ಕಲು ಜನರಿರುತ್ತಾರೆ. 2003ರ ಟೂರ್‌ನ ಮೊದಲ ಹಂತದಲ್ಲೇ ಅಮೆರಿಕದ ಟೈಲರ್ ಹ್ಯಾಮಿಲ್ಟನ್ ಕೊರಳೆಲುಬಿಗೆ ಪೆಟ್ಟು ಮಾಡಿಕೊಂಡು, ಮೂರು ವಾರ ಹಾಗೆಯೇ ತುಳಿದು, ಒಂದು ದಿನದ ಹಂತವನ್ನು ಗೆದ್ದು, ಒಟ್ಟಾರೆ ನಾಲ್ಕನೆಯವರಾದರು. ಮುಂದೆ ಅವರೇ ಉದ್ದೀಪನ ಮದ್ದು ತೆಗೆದುಕೊಳ್ಳುತ್ತಿದ್ದೆನೆಂದು ಒಪ್ಪಿಕೊಂಡದ್ದರಿಂದ ಆ ಕಥೆಯ ಹೊಳಪು ನನ್ನ ಮಟ್ಟಿಗೆ ಮಂಕಾಗಿದೆ. ಮುರಿದ ಎಲುಬು ಮಾತ್ರ ಸುಳ್ಳಲ್ಲ.

ನನ್ನ ಮನಸ್ಸಿನಲ್ಲಿ ಕೂತಿರುವವರು ಅವರಿಗಿಂತ ಹಿಂದಿನವರು, ಇಟಲಿಯ ಫಿಯೊರೆಂಜೊ ಮಾನ್ಯಿ. ಟೂರ್‌ನಂಥದೇ ಇಟಲಿಯ ಸ್ಪರ್ಧೆ ಜಿರೊ ದಿತಾಲಿಯಾವನ್ನು ಮೂರು ಸಲ ಗೆದ್ದಿದ್ದ ಅವರಿಗೆ 1956ರಲ್ಲಿ 35 ವರ್ಷ, ಅದು ಅವರ ಕೊನೆಯ ಋತು. ಸ್ಪರ್ಧೆಯ ನಡುವೆ ಬಿದ್ದು ಎಡ ಕೊರಳೆಲುಬು ಮುರಿಯಿತು. ವೈದ್ಯರು ಮನೆಗೆ ಹೋಗಿ ಎಂದರು, ಅವರು ಕಿವಿಗೊಡಲಿಲ್ಲ. ಬೊಲೊನ್ಯಾ ಊರಿನ ಹತ್ತಿರದ ಸಾನ್ ಲೂಕಾ ಏರಿನಲ್ಲಿ ಎಡಗೈಯಿಂದ ಹ್ಯಾಂಡಲನ್ನು ಎಳೆದು ಹಿಡಿಯಲಾಗುವುದಿಲ್ಲವೆಂದು ತಿಳಿದಾಗ, ಮೆಕ್ಯಾನಿಕ್ ಒಂದು ಹಳೆಯ ಟ್ಯೂಬಿನ ತುಂಡನ್ನು ಕತ್ತರಿಸಿ ಹ್ಯಾಂಡಲ್ಲಿಗೆ ಕಟ್ಟಿಕೊಟ್ಟರು. ಅದರ ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಎಳೆಯುತ್ತ ಮಾನ್ಯಿ ಬೆಟ್ಟ ಏರಿದರು. ಆ ಛಾಯಾಚಿತ್ರ ಇಂದಿಗೂ ಸಿಗುತ್ತದೆ: ಬಿಗಿದ ದವಡೆ, ಹಲ್ಲಿನಿಂದ ಹ್ಯಾಂಡಲ್‌ವರೆಗೆ ಹಗ್ಗದಂತೆ ಸೆಟೆದ ರಬ್ಬರು. ಆಮೇಲೆ ಸ್ಪರ್ಧೆ ಮುಗಿಯುವ ಮುನ್ನ ಮೊಂಟೆ ಬೊಂಡೋನೆಯ ಏರಿನಲ್ಲಿ ಹಿಮ ಸುರಿದು ಎಷ್ಟೋ ಜನ ಹಿಂದೆ ಸರಿದ ದಿನವೂ ಅವರು ತುಳಿದರು, ಕೊನೆಗೆ ಲಕ್ಸೆಂಬರ್ಗಿನ ಶಾರ್ಲಿ ಗೋಲ್ ಅವರ ಹಿಂದೆ ಎರಡನೆಯವರಾಗಿ ಮಿಲಾನ್ ತಲುಪಿದರು.

ಈ ಕಥೆಯನ್ನು ಹೇಳುವವರು ಟ್ಯೂಬಿನ ಸಂಗತಿಯನ್ನು ಹೇಳಿ ನಿಲ್ಲಿಸುತ್ತಾರೆ. ನಿಮಗೆ ಬೇಕಾದದ್ದು ಅದರ ಮುಂದಿನ ತುಣುಕು. ಟ್ಯೂಬ್ ಕಚ್ಚಿ ಏರಿದ ಮರುಹಂತದಲ್ಲೇ, ಎಡಗೈಯಲ್ಲಿ ಬ್ರೇಕನ್ನು ಸಾಕಷ್ಟು ಬಿಗಿಯಾಗಿ ಹಿಡಿಯಲಾಗದೆ, ಇಳಿಜಾರಿನಲ್ಲಿ ಮಾನ್ಯಿ ಮತ್ತೆ ಅದೇ ಮಗ್ಗುಲಿಗೆ ಬಿದ್ದರು. ಈ ಸಲ ತೋಳಿನ ಎಲುಬೂ ಮುರಿಯಿತು, ಪ್ರಜ್ಞೆ ತಪ್ಪಿತು. ಆಂಬುಲೆನ್ಸಿನಲ್ಲಿ ಕಣ್ಣು ಬಿಟ್ಟವರೇ ಕೆಳಗಿಳಿದು ಮತ್ತೆ ಸೈಕಲ್ ಹತ್ತಿದ್ದು ಬೇರೆ ಮಾತು. ಪೆಡಲ್ ತುಳಿಯುವುದಕ್ಕೆ ಕೊರಳೆಲುಬು ಬೇಕಿಲ್ಲ, ಸೈಕಲ್ ನಿಲ್ಲಿಸುವುದಕ್ಕೆ ಬೇಕು. ನೀವು ಬಿದ್ದದ್ದೂ ಇಳಿಜಾರಿನಲ್ಲೇ.

ಆದ್ದರಿಂದ ಯಾವಾಗ ಎಂಬುದಕ್ಕೆ ನನ್ನ ಉತ್ತರ ಬ್ರೇಕಿನಿಂದ ಶುರುವಾಗುತ್ತದೆ. ನಿಂತ ಸೈಕಲ್ಲಿನ ಮೇಲೆ ಕೂತು, ಎರಡೂ ಕೈಗಳಲ್ಲಿ ಬ್ರೇಕನ್ನು ತಟ್ಟನೆ ಪೂರ್ತಿ ಹಿಡಿದಾಗ ನೋವಿಲ್ಲದಿರಬೇಕು. ಗೋಡೆಗೆ ಅಂಗೈಗಳನ್ನೂರಿ ದೇಹದ ಭಾರವನ್ನು ಹಾಕಿದಾಗ ಎಡಭುಜ ಹಿಂಜರಿಯಬಾರದು. ಹಿಂದಿನಿಂದ ಬರುವ ವಾಹನವನ್ನು ನೋಡಲು ಹೆಗಲ ಮೇಲಿಂದ ಕತ್ತು ಹೊರಳಬೇಕು. ಇವು ಮೂರೂ ಆಗಿ, ಹೊಸ ಎಕ್ಸ್-ರೇಯಲ್ಲಿ ಎಲುಬು ಕೂಡಿದೆಯೆಂದು ನಿಮ್ಮ ವೈದ್ಯರು ಹೇಳಿದ ಮೇಲೆ ರಸ್ತೆಗೆ ಇಳಿಯಿರಿ, ಅಲ್ಲಿಯವರೆಗೆ ಇಳಿಯಬೇಡಿ. ಅದಕ್ಕೆ ಮೊದಲು, ನೋವು ತಗ್ಗಿದಾಗ, ಮನೆಯೊಳಗೆ ನಿಲ್ಲಿಸಿದ ಸೈಕಲ್ಲಿನಲ್ಲಿ ಕೈ ಊರದೆ ನೆಟ್ಟಗೆ ಕುಳಿತು ತುಳಿಯಲು ಅಡ್ಡಿಯಿಲ್ಲ, ವೈದ್ಯರನ್ನು ಒಂದು ಮಾತು ಕೇಳಿ ಆರಂಭಿಸಿ.

ಸ್ಲಿಂಗಿನಲ್ಲಿ ಕೈಯನ್ನು ದೇವರ ಮೂರ್ತಿಯಂತೆ ಅಲುಗಾಡಿಸದೆ ಇಟ್ಟುಕೊಳ್ಳುವುದು ನಮ್ಮವರ ಸಾಮಾನ್ಯ ತಪ್ಪು. ಬೆರಳು, ಮಣಿಕಟ್ಟು, ಮೊಣಕೈ ಮೊದಲ ದಿನದಿಂದಲೇ ಆಡುತ್ತಿರಬೇಕು. ಇಲ್ಲವಾದರೆ, ನಲವತ್ತು ದಾಟಿದವರಲ್ಲಿ, ಅದರಲ್ಲೂ ಸಕ್ಕರೆ ಕಾಯಿಲೆ ಇರುವವರಲ್ಲಿ, ಭುಜ ಬಿಗಿದುಕೊಂಡು ಬಿಡುತ್ತದೆ. ಎಲುಬು ಎರಡು ತಿಂಗಳಲ್ಲಿ ಕೂಡಿದರೆ ಆ ಬಿಗಿತ ಬಿಡಲು ವರ್ಷ ಹಿಡಿದದ್ದನ್ನು ನೋಡಿದ್ದೇನೆ. ವೈದ್ಯರು ಒಪ್ಪಿದ ಕೂಡಲೇ ಮುಂದಕ್ಕೆ ಬಾಗಿ, ಬಲಗೈಯನ್ನು ಮೇಜಿಗೆ ಊರಿ, ಎಡತೋಳನ್ನು ಗಡಿಯಾರದ ಲೋಲಕದಂತೆ ಮೆಲ್ಲಗೆ ತೂಗಾಡಿಸಿ. ಬೀಡಿ ಸಿಗರೇಟಿನ ಅಭ್ಯಾಸವಿದ್ದರೆ ಈ ಹನ್ನೆರಡು ವಾರವಾದರೂ ಬಿಡಿ, ಹೊಗೆ ಮೂಳೆ ಕೂಡುವುದನ್ನು ತಡಮಾಡುತ್ತದೆ. ರಾಗಿ ಮುದ್ದೆಯ ಬಗ್ಗೆ ಮೈಸೂರಿನವರಿಗೆ ನಾನು ಹೇಳಬೇಕಾದದ್ದಿಲ್ಲ.

ಹನ್ನೆರಡು ವಾರ ಬಹಳವಾಯಿತು ಎನ್ನಿಸಿದರೆ ಯೋನಸ್ ವಿಂಗೆಗೋ ಅವರ ದಿನಚರಿಯನ್ನು ನೋಡಿ. ಎರಡು ಸಲ ಟೂರ್ ಗೆದ್ದಿದ್ದ ಈ ಡೆನ್ಮಾರ್ಕಿನ ಸೈಕಲ್ಲಿಗ 2024ರ ಏಪ್ರಿಲ್ 4ರಂದು ಸ್ಪೇನಿನ ಬಾಸ್ಕ್ ಪ್ರಾಂತ್ಯದ ಒಂದು ಇಳಿಜಾರಿನಲ್ಲಿ ಬಿದ್ದು ಕೊರಳೆಲುಬು, ಪಕ್ಕೆಲುಬುಗಳನ್ನು ಮುರಿದುಕೊಂಡರು, ಶ್ವಾಸಕೋಶಕ್ಕೂ ಪೆಟ್ಟಾಯಿತು, ಹನ್ನೆರಡು ದಿನ ಆಸ್ಪತ್ರೆಯಲ್ಲಿದ್ದರು. ಟೂರ್ ಆರಂಭವಾದದ್ದು ಜೂನ್ 29ರಂದು; ನಡುವಿನ ಅಂತರ ಹನ್ನೆರಡು ವಾರ, ಎರಡು ದಿನ. ಆ ಅವಧಿಯಲ್ಲಿ ಅವರು ಒಂದೇ ಒಂದು ಸ್ಪರ್ಧೆಗೂ ಹೋಗಲಿಲ್ಲ. ಟೂರ್‌ನ ಹನ್ನೊಂದನೆಯ ಹಂತದಲ್ಲಿ ಆ ವರ್ಷ ಟೂರ್ ಗೆದ್ದ ಸ್ಲೊವೇನಿಯಾದ ಪೊಗಾಚಾರ್ ಅವರನ್ನು ಹಿಂದಿಕ್ಕಿ ಗೆದ್ದು, ಒಟ್ಟಾರೆ ಎರಡನೆಯವರಾದರು. ನೀವು ವಿಡಿಯೊದಲ್ಲಿ ನೋಡಿದ್ದು ಗೆದ್ದ ನಿಮಿಷವನ್ನು. ಬೇಸಿಗೆಯಿಡೀ ಅವರು ಏನನ್ನು ಮಾಡದೆ ಇದ್ದರೋ ಅದಕ್ಕೆ ಯಾರೂ ಕ್ಯಾಮೆರಾ ಇಟ್ಟಿರಲಿಲ್ಲ.

ಅಂಗೈ ಬೆವರುವುದಕ್ಕೆ ಮದ್ದು ನಿಧಾನ. ಕೈ ಸರಿಯಾದ ಮೇಲೆ ಒಮ್ಮೆ ಆ ತಿರುವಿಗೆ ನಡೆದುಕೊಂಡು ಹೋಗಿ, ಜಲ್ಲಿ ಎಲ್ಲಿತ್ತು, ನೀವು ಬ್ರೇಕ್ ಎಲ್ಲಿ ಹಿಡಿದಿರಿ ಎಂದು ನೋಡಿ. ಹಲವರು ತಿರುವಿನ ಒಳಗೆ ಬ್ರೇಕ್ ಹಿಡಿಯುತ್ತಾರೆ; ವೇಗವನ್ನು ತಿರುವಿಗೆ ಮೊದಲೇ ಇಳಿಸಿಕೊಂಡರೆ ಜಲ್ಲಿಯ ಮೇಲೂ ಚಕ್ರ ಜಾರುವುದು ಕಡಿಮೆ. ಹೆಲ್ಮೆಟ್ಟಿಗೆ ಪೆಟ್ಟು ಬಿದ್ದಿದ್ದರೆ ಹೊರಗೆ ಬಿರುಕು ಕಾಣದಿದ್ದರೂ ಬದಲಿಸಿ, ಅದರೊಳಗಿನ ಥರ್ಮೋಕೋಲ್ ಒಮ್ಮೆ ಕುಗ್ಗಿದರೆ ಕೆಲಸ ಮುಗಿಯಿತು. ಮನೆಯವರ ಮಾತಿಗೆ ಈಗ ವಾದ ಹೂಡಬೇಡಿ. ಆ ಬೆಳಿಗ್ಗೆ ನೀವು ಮಾಡಿದ ಫೋನನ್ನು ಎತ್ತಿಕೊಂಡವರು ಅವರು. ಮೊದಲ ಕೆಲವು ತಿಂಗಳು ಬೆಟ್ಟ ಬಿಟ್ಟು ರಿಂಗ್ ರಸ್ತೆಯ ಪಕ್ಕದ ಸಮತಟ್ಟು ಹಾದಿಯಲ್ಲಿ ಮಾತ್ರ ಹೋಗುತ್ತೇನೆಂದು ನೀವಾಗಿಯೇ ಹೇಳಿದರೆ ಸೈಕಲ್ ಮಾರುವ ಮಾತು ಬಹುಶಃ ಮುಂದಕ್ಕೆ ಹೋಗುತ್ತದೆ.

ಪ್ರಶ್ನೆ: ನಮ್ಮ ಮಗಳಿಗೆ 15 ವರ್ಷ. ಸೈಕ್ಲಿಂಗ್ ಸ್ಪರ್ಧೆಗಳಿಗೆ ಹೋಗುತ್ತಾಳೆ. ಮೊನ್ನೆ ಊರ ಹೊರಗಿನ ರಸ್ತೆಯಲ್ಲಿ ಅಭ್ಯಾಸ ಮಾಡುವಾಗ ಬಿದ್ದು ತಲೆಗೆ ಪೆಟ್ಟಾಯಿತು, ಹೆಲ್ಮೆಟ್ ಇತ್ತು. ಹೇಗೆ ಬಿದ್ದೆನೆಂಬುದು ಅವಳಿಗೆ ನೆನಪಿಲ್ಲ. ಸಂಜೆ ಒಮ್ಮೆ ವಾಂತಿಯಾಯಿತು. ಈಗ ತಲೆನೋವು ಸ್ವಲ್ಪ ಇದೆ, ಉಳಿದಂತೆ ಚೆನ್ನಾಗಿದ್ದಾಳೆ. ಭಾನುವಾರ ಸ್ಪರ್ಧೆಯಿದೆ, ಹೋಗಿಯೇ ಹೋಗುತ್ತೇನೆ ಎನ್ನುತ್ತಾಳೆ. ಗಟ್ಟಿ ಹುಡುಗಿ, ಬಿದ್ದಾಗ ಅಳಲೂ ಇಲ್ಲ. ಕಳುಹಿಸಬಹುದೇ?
— ಒಬ್ಬ ತಾಯಿ, ಬಾಗಲಕೋಟೆ ಜಿಲ್ಲೆ

ಉತ್ತರ: ಕಳುಹಿಸಬೇಡಿ ತಾಯಿ. ಈ ಪತ್ರಕ್ಕೆ ನಾನು ಫೋನಿನಲ್ಲಿಯೇ ಉತ್ತರಿಸಿದ್ದೇನೆ; ಇಂಥದೇ ಸಂದರ್ಭದಲ್ಲಿರುವ ಬೇರೆ ಮನೆಗಳಿಗಾಗಿ ಇಲ್ಲಿ ಬರೆಯುತ್ತಿದ್ದೇನೆ. ಬಿದ್ದ ಗಳಿಗೆಯ ನೆನಪಿಲ್ಲದಿರುವುದು, ವಾಂತಿ, ಉಳಿದುಕೊಂಡ ತಲೆನೋವು, ಇವು ಮೂರೂ ಮಿದುಳು ಅಲುಗಿದೆ ಎಂಬುದರ ಗುರುತುಗಳು. ಅವಳನ್ನು ಕೂಡಲೇ ವೈದ್ಯರಿಗೆ ತೋರಿಸಬೇಕು. ತಲೆನೋವು ಹೆಚ್ಚುತ್ತ ಹೋದರೆ, ಮತ್ತೆ ಮತ್ತೆ ವಾಂತಿಯಾದರೆ, ಎಬ್ಬಿಸಿದರೂ ಮಂಪರು ಹರಿಯದಿದ್ದರೆ, ಮಾತು ತೊದಲಿದರೆ, ಒಂದು ಕಣ್ಣಿನ ಪಾಪೆ ಇನ್ನೊಂದಕ್ಕಿಂತ ದೊಡ್ಡದಾಗಿ ಕಂಡರೆ, ಮೂಗು ಕಿವಿಗಳಿಂದ ನೀರಿನಂಥ ದ್ರವ ಬಂದರೆ, ರಾತ್ರಿಯಾಗಲಿ ಹಗಲಾಗಲಿ, ತಲೆಯ ಸ್ಕ್ಯಾನ್ ಇರುವ ಆಸ್ಪತ್ರೆಗೆ ಹೊರಡಬೇಕು.

ವಿಜಯಪುರ, ಬಾಗಲಕೋಟೆಗಳ ಹುಡುಗ ಹುಡುಗಿಯರು ಸೈಕ್ಲಿಂಗಿನಲ್ಲಿ ನಮ್ಮ ರಾಜ್ಯದ ಹೆಸರನ್ನು ಎತ್ತಿ ಹಿಡಿದವರು. ಆ ಕಡೆಯ ಬಿಸಿಲು, ಎದುರುಗಾಳಿ, ಉದ್ದನೆಯ ರಸ್ತೆಗಳಲ್ಲಿ ಬೆಳೆದ ಮಕ್ಕಳಿಗೆ ನೋವು ನುಂಗುವುದನ್ನು ಯಾರೂ ಕಲಿಸಬೇಕಾಗಿಲ್ಲ. ನನ್ನ ಚಿಂತೆಯೇ ಅದು. ಎಲುಬು ಮುರಿದರೆ ಅದರ ನೋವನ್ನು ತಿಳಿಯುವ, ಸಾಕು ಎನ್ನುವ ಮಿದುಳು ಸರಿಯಾಗಿರುತ್ತದೆ. ಪೆಟ್ಟು ಮಿದುಳಿಗೇ ಬಿದ್ದಾಗ ಸಾಕು ಎನ್ನಬೇಕಾದವರೇ ಕೆಲಸದಲ್ಲಿ ಇರುವುದಿಲ್ಲ. 2017ರಲ್ಲಿ ಕ್ಯಾಲಿಫೋರ್ನಿಯಾದ ಒಂದು ಸ್ಪರ್ಧೆಯಲ್ಲಿ ಲಾಟ್ವಿಯಾದ ಟೋಮ್ಸ್ ಸ್ಕುಯಿನ್ಶ್ ಬಿದ್ದು ಎದ್ದು, ಕುಡಿದವರಂತೆ ತೂರಾಡುತ್ತ ರಸ್ತೆಯ ನಡುವೆ ಬಂದು, ಹಿಂದಿನಿಂದ ಬರುತ್ತಿದ್ದವರಿಗೆ ಸ್ವಲ್ಪದರಲ್ಲಿ ಡಿಕ್ಕಿ ತಪ್ಪಿಸಿಕೊಂಡು, ಮತ್ತೆ ಸೈಕಲ್ ಹತ್ತಿ ಹೊರಟದ್ದನ್ನು ಜಗತ್ತೇ ನೋಡಿತು. ತಂಡದವರು ಮುಂದೆ ಅವರನ್ನು ಇಳಿಸಿದರು. ಹಿಂದೆಯಾದರೆ ಅದನ್ನು ಶೌರ್ಯವೆಂದು ಬಣ್ಣಿಸುತ್ತಿದ್ದರು, ಆ ದಿನ ನೋಡಿದವರು ಹೆದರಿದರು. ಆಮೇಲೆ ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟವು ಮಿದುಳಿನ ಪೆಟ್ಟಿಗೆಂದೇ ನಿಯಮಾವಳಿ ತಂದಿತು: ಲಕ್ಷಣಗಳೆಲ್ಲ ಹೋದ ಮೇಲೂ ಸ್ಪರ್ಧೆಗೆ ಮರಳಲು ಕನಿಷ್ಠ ಒಂದು ವಾರ, ಕಿರಿಯರಿಗೆ ಎರಡು ವಾರ. ನಿಮ್ಮ ಮಗಳಿಗೆ ತಲೆನೋವೇ ಇನ್ನೂ ಹೋಗಿಲ್ಲ, ಅವಳ ಎಣಿಕೆ ಇನ್ನೂ ಶುರುವಾಗಿಲ್ಲ.

ಸುಮ್ಮನೆ ಬೇಡವೆಂದರೆ ಆ ವಯಸ್ಸಿನವರು ಕೇಳುವುದಿಲ್ಲ. ನೆದರ್ಲೆಂಡ್ಸಿನ ಆನೆಮೀಕ್ ಫಾನ್ ಫ್ಲೂಟನ್ ಅವರ ಬಗ್ಗೆ ಅವಳಿಗೆ ಹೇಳಿ. ಬಹುಶಃ ಅವಳಿಗೇ ಗೊತ್ತಿರುತ್ತದೆ. 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ಚಿನ್ನದ ಕಡೆಗೆ ಒಬ್ಬರೇ ಮುಂದಿದ್ದಾಗ ಇಳಿಜಾರಿನ ತಿರುವಿನಲ್ಲಿ ಬಿದ್ದು, ಬೆನ್ನೆಲುಬಿನಲ್ಲಿ ಮೂರು ಬಿರುಕು, ಮಿದುಳಿಗೆ ಪೆಟ್ಟು. ಆ ದಿನ ಅವರು ಮೇಲೇಳಲಿಲ್ಲ, ಆಸ್ಪತ್ರೆಗೆ ಹೋದರು. ಮುಂದಿನ ಒಲಿಂಪಿಕ್ಸ್‌ನಲ್ಲಿ, ಟೋಕಿಯೊದಲ್ಲಿ, ಒಬ್ಬೊಬ್ಬರೇ ಗಡಿಯಾರದ ವಿರುದ್ಧ ತುಳಿಯುವ ಟೈಮ್ ಟ್ರಯಲ್‌ನ ಚಿನ್ನ ತಂದರು. 2022ರಲ್ಲಿ ಆಸ್ಟ್ರೇಲಿಯಾದ ವುಲ್ಲಾಂಗಾಂಗ್‌ನಲ್ಲಿ ಮೊಣಕೈ ಮುರಿದ ಮೂರು ದಿನಕ್ಕೆ, 39ನೆಯ ವಯಸ್ಸಿನಲ್ಲಿ, ಸೀಟಿನಿಂದ ಎದ್ದು ತುಳಿಯಲಾಗದೆ ಕುಳಿತೇ ತುಳಿದು, ವಿಶ್ವ ಚಾಂಪಿಯನ್ ಆದರು. ಮೊಣಕೈಗೆ ಒಂದು ಲೆಕ್ಕ, ತಲೆಗೆ ಇನ್ನೊಂದು ಲೆಕ್ಕ.

ಪ್ರಶ್ನೆ: ಸೈಕಲ್ಲಿನಿಂದ ಬಿದ್ದು ಮೊಣಕಾಲು, ತೊಡೆಯ ಚರ್ಮ ಅಂಗೈಯಗಲ ತರಚಿದೆ. ಹಾಸ್ಟೆಲ್ಲಿನಲ್ಲಿ ಒಬ್ಬರು ಕಾಫಿ ಪುಡಿ ಮೆತ್ತು ಎನ್ನುತ್ತಾರೆ, ಇನ್ನೊಬ್ಬರು ಅರಿಶಿನ ಎನ್ನುತ್ತಾರೆ. ಗಾಳಿಗೆ ಒಣಗಿಸಿದರೆ ಬೇಗ ವಾಸಿಯಾಗುವುದೇ?
— ವಿದ್ಯಾರ್ಥಿ, ಧಾರವಾಡ

ಉತ್ತರ: ಕಾಫಿ ಪುಡಿ ಫಿಲ್ಟರಿಗೆ, ಅರಿಶಿನ ಒಗ್ಗರಣೆಗೆ ಇರಲಿ. ತರಚು ಗಾಯದಲ್ಲಿ ಮೊದಲ ಕೆಲಸ ತೊಳೆಯುವುದು: ಧಾರಾಳವಾಗಿ ಶುದ್ಧ ನೀರು ಹರಿಸಿ, ಸೋಪಿನ ನೊರೆಯಿಂದ ಮೆಲ್ಲಗೆ ಉಜ್ಜಿ ಮರಳು, ಡಾಂಬರಿನ ಪುಡಿ ಪೂರ್ತಿ ಹೋಗಬೇಕು. ಒಳಗೆ ಉಳಿದ ಕರಿ ಕಣಗಳು ಹಚ್ಚೆಯಂತೆ ಚರ್ಮದಲ್ಲಿ ಕಾಯಂ ಆಗುತ್ತವೆ. ತೊಳೆಯುವಾಗ ಬರುವ ಉರಿ ಬಿದ್ದಾಗಿನದಕ್ಕಿಂತ ಹೆಚ್ಚು, ಹಲ್ಲು ಕಚ್ಚಿಕೊಳ್ಳಿ. ಒಣಗಿ ಕಟ್ಟಿದ ಗಟ್ಟಿ ಹಕ್ಕಳೆ ಮೊಣಕಾಲು ಮಡಿಸಿದಾಗಲೆಲ್ಲ ಬಿರಿಯುತ್ತದೆ. ಅದಕ್ಕಿಂತ ವ್ಯಾಸಲಿನ್ ಹಚ್ಚಿ, ಅಂಟಿಕೊಳ್ಳದ ಡ್ರೆಸ್ಸಿಂಗ್ ಹಾಕಿ ತೇವವಾಗಿಟ್ಟರೆ ಹೊಸ ಚರ್ಮ ಬೇಗ ಹರಡಿಕೊಳ್ಳುತ್ತದೆ. ದಿನವೂ ಬದಲಿಸಿ. ರಸ್ತೆಯ ಮಣ್ಣು ಸೇರಿದ ಗಾಯವಾದ್ದರಿಂದ ಟಿಟಿ ಇಂಜೆಕ್ಷನ್ ಹಾಕಿಸಿ ಐದು ವರ್ಷ ಮೀರಿದ್ದರೆ ಇಂದೇ ಹಾಕಿಸಿಕೊಳ್ಳಿ. ಸುತ್ತ ಕೆಂಪು ಹರಡಿದರೆ, ಕೀವು ಅಥವಾ ಜ್ವರ ಬಂದರೆ ವೈದ್ಯರನ್ನು ಕಾಣಿ.

ಪ್ರಶ್ನೆ: ನಾನು ಹಾಸನದವನು, ಈಗ ಆಮ್ಸ್ಟರ್‌ಡ್ಯಾಮಿನಲ್ಲಿದ್ದೇನೆ. ಇಲ್ಲಿ ಎಲ್ಲರಂತೆ ನಾನೂ ಕೆಲಸಕ್ಕೆ ಸೈಕಲ್ಲಿನಲ್ಲೇ ಹೋಗುವುದು. ಒಂದು ವಾರದ ಹಿಂದೆ ಮಳೆಯಲ್ಲಿ ಟ್ರಾಮ್ ಹಳಿಗೆ ಚಕ್ರ ಸಿಕ್ಕಿ ಬಿದ್ದೆ, ಬಲಗೈ ಊರಿದೆ. ಎಕ್ಸ್-ರೇಯಲ್ಲಿ ಏನೂ ಇಲ್ಲವಂತೆ. ಆದರೂ ಕೀಲಿ ತಿರುಗಿಸುವಾಗ ಹೆಬ್ಬೆರಳ ಬುಡದಲ್ಲಿ ಚಳುಕು. ಊರಿಗೆ ಬಂದಾಗ ನಾಟಿ ವೈದ್ಯರಿಂದ ಎಣ್ಣೆ ಹಾಕಿ ಉಜ್ಜಿಸಿ ಕಟ್ಟು ಕಟ್ಟಿಸೋಣ ಎನ್ನುತ್ತಾರೆ ಅಪ್ಪ.
— ಒಬ್ಬ ಕನ್ನಡಿಗ, ನೆದರ್ಲೆಂಡ್ಸ್

ಉತ್ತರ: ಹೆಬ್ಬೆರಳನ್ನು ಪೂರ್ತಿ ಮೇಲಕ್ಕೆ ಚಾಚಿ. ಅದರ ಬುಡದಲ್ಲಿ, ಮಣಿಕಟ್ಟಿನ ಪಕ್ಕ, ಎರಡು ನರದ ಎಳೆಗಳಂತೆ ಕಾಣುವ ಸ್ನಾಯುರಜ್ಜುಗಳ ನಡುವೆ ಒಂದು ಗುಳಿ ಬೀಳುತ್ತದೆ; ನಮ್ಮ ಅಜ್ಜಂದಿರು ಚಿಟಿಕೆ ನಶ್ಯ ಇಟ್ಟುಕೊಂಡು ಏರಿಸುತ್ತಿದ್ದ ಜಾಗ. ಅಲ್ಲಿ ಎಡಗೈ ತೋರುಬೆರಳಿನಿಂದ ಒತ್ತಿದಾಗ ನೋವಾದರೆ, ಅದರ ಕೆಳಗಿರುವ ಗೋಡಂಬಿಯಾಕಾರದ ಸ್ಕೇಫಾಯ್ಡ್ ಎಂಬ ಪುಟ್ಟ ಮೂಳೆಯಲ್ಲಿ ಬಿರುಕಿರಬಹುದು. ಬೀಳುವಾಗ ಕೈ ಊರಿದವರಲ್ಲಿ ಮುರಿಯುವ ಮೂಳೆಗಳಲ್ಲಿ ಇದೊಂದು, ಮತ್ತು ಮೊದಲ ಎಕ್ಸ್-ರೇಯಲ್ಲಿ ಎಷ್ಟೋ ಸಲ ಇದು ಕಾಣಿಸಿಕೊಳ್ಳುವುದಿಲ್ಲ. ಬಿದ್ದ ಹತ್ತರಿಂದ ಹದಿನಾಲ್ಕನೆಯ ದಿನದ ನಡುವೆ ಇನ್ನೊಮ್ಮೆ ಎಕ್ಸ್-ರೇ ಅಥವಾ ಎಂಆರ್‌ಐ ಮಾಡಿಸಿ, ಅಲ್ಲಿಯವರೆಗೆ ಮಣಿಕಟ್ಟಿಗೆ ಆಧಾರ ಕಟ್ಟಿಕೊಂಡಿರಿ. ಈ ಮೂಳೆಗೆ ರಕ್ತ ಬಹುಪಾಲು ಬೆರಳ ಕಡೆಯ ತುದಿಯಿಂದ ಒಳಹೊಕ್ಕು ಹಿಂದಕ್ಕೆ ಹರಿಯುತ್ತದೆ. ನಡುವೆ ಮುರಿದರೆ ಹಿಂದಿನ ತುಂಡಿಗೆ ಪೂರೈಕೆ ನಿಂತು ಅದು ಕೂಡದೆ ಉಳಿಯುವ ಅಪಾಯವಿದೆ. ಎಣ್ಣೆ ಹಾಕಿ ಉಜ್ಜಿಸಿದರೆ ಬಿರುಕು ಅಗಲವಾದೀತೇ ಹೊರತು ಬೇರೇನೂ ಆಗದು. ಬಿಗಿ ಕಟ್ಟಿನಿಂದ ಬೆರಳಿಗೆ ರಕ್ತ ನಿಂತು ಬಂದವರನ್ನೂ ನಾನು ನೋಡಿದ್ದೇನೆ. ತಂದೆಯವರಿಗೆ, ಊರಿಗೆ ಬರುವಷ್ಟರಲ್ಲಿ ತಡವಾಗುತ್ತದೆ, ಡಾಕ್ಟರು ಇಲ್ಲೇ ತೋರಿಸು ಎಂದಿದ್ದಾರೆ ಎಂದು ನನ್ನ ಹೆಸರಿನಲ್ಲಿ ಹೇಳಿ.

ಹಳಿಯನ್ನು ದಾಟುವಾಗ ಚಕ್ರ ಆದಷ್ಟೂ ನೇರ ಅಡ್ಡಲಾಗಿ ಹೋಗಬೇಕು, ಓರೆಯಾಗಿ ಹೋದರೆ ಸಂದಿಯಲ್ಲಿ ಸಿಕ್ಕಿಕೊಳ್ಳುತ್ತದೆ. ಒದ್ದೆ ಹಳಿಯ ಮೇಲೆ ಬ್ರೇಕ್ ಮುಟ್ಟಲೇಬೇಡಿ; ದಾಟುವ ಮೊದಲೇ ನಿಧಾನಿಸಿ, ಹಳಿಯ ಮೇಲೆ ಚಕ್ರವನ್ನು ಅದರ ಪಾಡಿಗೆ ಉರುಳಲು ಬಿಡಿ.